ಶನಿವಾರದ ಬಟವಾಡೆ, ಭಾನುವಾರದ ಕಾಣಿಕೆ

ಪ್ರಶ್ನೆ: ನಾನು ಮಂಗಳೂರಿನಲ್ಲಿ ಸಣ್ಣ ಮಟ್ಟದ ಕಟ್ಟಡ ಗುತ್ತಿಗೆದಾರ. ಭಾನುವಾರದ ಆರಾಧನೆಯನ್ನು ತಪ್ಪಿಸಿದವನಲ್ಲ. ಮನೆ ಕಟ್ಟಿಸುವವರಿಂದ ಹಣ ಬರುವುದು ತಡವಾದ್ದರಿಂದ ಕಳೆದ ತಿಂಗಳು ಎರಡು ಶನಿವಾರ ಆಳುಗಳ ಬಟವಾಡೆಯನ್ನು ಮುಂದೂಡಿದೆ. ಮರುದಿನ ಕಾಣಿಕೆ ಚೀಲಕ್ಕೆ ಐನೂರರ ನೋಟು ಹಾಕುವಾಗ ಕೈ ಹಿಂಜರಿಯಿತು. ವ್ಯವಹಾರ ಬೇರೆ, ಭಕ್ತಿ ಬೇರೆ ಎಂದು ಗೆಳೆಯರು ಸಮಾಧಾನ ಹೇಳುತ್ತಾರೆ. ಅದು ಸರಿಯೇ?
— ಓರ್ವ ಓದುಗರು

ಉತ್ತರ: ಸಹೋದರರೇ, ನಿಮ್ಮ ಕೈ ಹಿಂಜರಿದದ್ದೇ ಸರಿ. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯವನ್ನು ತೆರೆದು ನೋಡಿ. ಸಮಾಧಾನಯಜ್ಞವನ್ನು ಹೇಗೆ ಅರ್ಪಿಸಬೇಕೆಂದು ತಿಳಿಸಿದ ಕೆಲವೇ ವಚನಗಳ ಅನಂತರ, 13ನೆಯ ವಚನದಲ್ಲಿ, ಕೂಲಿಯಾಳಿನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬಾರದೆಂಬ ಆಜ್ಞೆ ಬರುತ್ತದೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ನಾವೆಲ್ಲ ಬಾಯಿಪಾಠ ಮಾಡಿದ ಮಾತು ಇರುವುದೂ ಅದೇ ಅಧ್ಯಾಯದಲ್ಲಿ. ಯಜ್ಞವೂ ಕೂಲಿಯೂ ಪ್ರೀತಿಯೂ ಹೀಗೆ ಒಂದೇ ಪುಟದಲ್ಲಿರುವಾಗ ವ್ಯವಹಾರವನ್ನು ಬೇರೆ ಮಾಡಲು ನಮಗೆ ಅಧಿಕಾರವಿಲ್ಲ. ಬೈಬಲಿನ ಇನ್ನೊಂದು ಪುಸ್ತಕವಾದ ಧರ್ಮೋಪದೇಶಕಾಂಡವು ಕಾರಣವನ್ನೂ ಹೇಳುತ್ತದೆ: ಅವನು ಬಡವನು, ಆ ಕೂಲಿಯ ಮೇಲೆಯೇ ಮನಸ್ಸಿಟ್ಟುಕೊಂಡಿರುತ್ತಾನೆ.

ಈ ಕಾರಣವನ್ನು ನಿಮ್ಮ ಕೆಲಸದ ಜಾಗದಲ್ಲಿ ನಿಂತು ಯೋಚಿಸಿ. ಉತ್ತರ ಕರ್ನಾಟಕದಿಂದ ಬಂದು ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದ ಗಾರೆಯಾಳು ಶನಿವಾರ ಸಂಜೆ ಕೈಕಾಲು ತೊಳೆದು, ಸಿಮೆಂಟು ಮೆತ್ತಿದ ಅಂಗಿ ಬದಲಿಸಿ, ನಿಮ್ಮ ಬೈಕಿನ ಸದ್ದಿಗಾಗಿ ಕಾಯುತ್ತಾನೆ. ಅಂದು ಹಣ ಬಾರದಿದ್ದರೆ ವಾರದ ಅಕ್ಕಿ, ಎಣ್ಣೆಗೆ ಅವನ ಹೆಂಡತಿ ಅಂಗಡಿಯವನ ಸಾಲದ ಪುಸ್ತಕದಲ್ಲಿ ಮತ್ತೆ ಬರೆಸಬೇಕು. ನೀವು ಕೀರ್ತನೆ ಹಾಡುತ್ತಿರುವ ಹೊತ್ತಿಗೆ ಆಕೆ ಆ ಅಂಗಡಿಯ ಮುಂದೆ ನಿಂತಿರುತ್ತಾಳೆ. ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಬರೆದಿರುವುದು ಇಂಥ ಮನೆಯ ಸಂಗತಿಯನ್ನೇ.

ನಿಮ್ಮ ಊರಿನ ಕ್ರೈಸ್ತ ಸಭೆಯ ಚರಿತ್ರೆಯಲ್ಲಿಯೂ ಇದಕ್ಕೆ ಆಧಾರವಿದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು, ಕ್ರೈಸ್ತರಾದ ಕಾರಣಕ್ಕೆ ಮನೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಪ್ರಾರ್ಥನೆಯೊಂದನ್ನೇ ಕಲಿಸಿ ಸುಮ್ಮನಾಗಲಿಲ್ಲ; ಮಗ್ಗಗಳನ್ನು ಹಾಕಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿ ಎಲ್ಲವೂ ನ್ಯಾಯವಾಗಿಯೇ ನಡೆಯಿತೆಂದು ನಾನು ಹೇಳುತ್ತಿಲ್ಲ, ಆದರೆ ವಿಶ್ವಾಸಿಯ ಅನ್ನವೂ ಸಭೆಯ ಹೊಣೆಯೆಂಬುದನ್ನು ಅವರು ಮರೆತಿರಲಿಲ್ಲ.

ಹಾಗೆಂದು ಆರಾಧನೆಗೆ ಹೋಗುವುದನ್ನು ಬಿಡಬೇಡಿ. ಬಲಿಪೀಠದ ಮುಂದೆ ನಿಂತಾಗ ಸಹೋದರನ ದೂರು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು, ಆಮೇಲೆ ಬಂದು ಅರ್ಪಿಸು ಎಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:23-24). ನಿಮಗೆ ಆ ನೆನಪು ಬಂದದ್ದು ಸರಿಯಾಗಿ ಅದೇ ಜಾಗದಲ್ಲಿ. ಆದ್ದರಿಂದ ಬಾಕಿಯನ್ನು ಮೇಸ್ತ್ರಿಯ ಕೈಯಲ್ಲಿ ಕಳುಹಿಸದೆ ನೀವೇ ಹೋಗಿ, ಒಬ್ಬೊಬ್ಬರ ಹೆಸರು ಹಿಡಿದು ಕರೆದು ಕೊಡಿ. ತಡವಾದದ್ದು ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿ. ಮುಂದಿನ ಕೆಲಸ ಒಪ್ಪಿಕೊಳ್ಳುವಾಗ, ಸಿಗುವ ಮುಂಗಡದಲ್ಲಿ ಎರಡು ವಾರದ ಬಟವಾಡೆಯನ್ನು ಮೊದಲೇ ತೆಗೆದಿಡಿ. ಮನೆಯವರ ಕಂತು ತಡವಾದರೆ ನಿಮ್ಮ ಸಿಮೆಂಟು, ಕಬ್ಬಿಣದ ಅಂಗಡಿಯವರು ಕಾಯಲಿ, ಆಳುಗಳನ್ನು ಕಾಯಿಸಬೇಡಿ. ಎಲ್ಲರ ಲೆಕ್ಕ ತೀರಿಸಿದ ಮೇಲೆ ಆ ಭಾನುವಾರ ಜೇಬಿನಲ್ಲಿ ಹತ್ತು ರೂಪಾಯಿ ಮಾತ್ರ ಉಳಿದಿದ್ದರೆ, ಕಾಣಿಕೆ ಚೀಲಕ್ಕೆ ಅಷ್ಟನ್ನೇ ಹಾಕಿ.