ತೊಡೆಯ ಮೇಲೆ ಹೊಸೆಯುವ ಕೈ

ಆಪ್ತಸಲಹೆಗೆಂದು ನನ್ನ ಬಳಿ ಬಂದ ಸೊಸೆ ಮೊದಲು ಹೇಳಿದ್ದು ಅತ್ತೆಯ ಕೈಯ ವಿಚಾರ. "ಮೇಡಂ, ಅತ್ತೆ ರಾತ್ರಿ ಎದ್ದು ಕೂತು ತೊಡೆ ಮೇಲೆ ಅಂಗೈ ಉಜ್ತಾನೇ ಇರ್ತಾರೆ. ಬಾಯಿ ಬಿಟ್ಟರೆ ಹಳೇ ಮನೆ ಮಾತು. ಮರೆವಿನ ಕಾಯಿಲೆ ಇರಬಹುದಾ?"

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆ ಅತ್ತೆಯನ್ನು ಇಲ್ಲಿ ಅಮ್ಮ ಅನ್ನುತ್ತೇನೆ, ಅವರಿಗೆ 74 ವರ್ಷ. ಬೆಂಗಳೂರಿನ ಒಂದು ಸ್ಲಂ ಬೋರ್ಡ್ ಮನೆಯಲ್ಲಿ ನಲವತ್ತು ವರ್ಷ ಬಾಳಿದವರು. ನೆಲಮಟ್ಟದ ಮನೆ, ಒಂದು ಕೋಣೆ, ಒಂದು ಅಡುಗೆಮನೆ. ಕಟ್ಟಡ ಹಳತಾಗಿ ಕೆಡವಿದರು. ಅದೇ ಜಾಗದಲ್ಲಿ ಎದ್ದ ಹೊಸ ಕಟ್ಟಡದ ಮೂರನೇ ಮಹಡಿಗೆ ಬಂದು ಎಂಟು ತಿಂಗಳಾಗಿತ್ತು.

ಹಳೆಯದೆಲ್ಲ ಕಣ್ಣಿಗೆ ಕಟ್ಟಿದಂತಿದ್ದು ಇವತ್ತಿನದು ಮರೆತುಹೋಗುತ್ತಿದ್ದರೆ ಸುಮ್ನೆ ಬಿಡಬಾರದು. ಹಾಗಾಗಿ ಮೊದಲು ವೈದ್ಯರ ಹತ್ತಿರ ಕಳಿಸಿದೆ. ನೆನಪಿನ ಪರೀಕ್ಷೆ, ಥೈರಾಯ್ಡ್, ಬಿ12 ಎಲ್ಲ ಸರಿಯಿತ್ತು. ಗ್ಯಾಸ್ ಯಾವತ್ತು ಬಂತು ಅನ್ನೋದು ಮನೆಯಲ್ಲಿ ಎಲ್ಲರಿಗಿಂತ ಅಮ್ಮನಿಗೇ ಚೆನ್ನಾಗಿ ಗೊತ್ತಿತ್ತು.

ಎರಡನೇ ಸಲ ಬಂದಾಗ ಅವರನ್ನೇ ಕೇಳಿದೆ. "ಕೈ ಏನು ಮಾಡ್ತಿದೆ ಅಮ್ಮಾ?"

"ಊದುಬತ್ತಿ ಹೊಸೀತೈತೆ ಕಣವ್ವ."

ಆಮೇಲೆ ಒಂದು ಗಂಟೆ ನಾನು ಮಾತಾಡಲಿಲ್ಲ. ಬಿದಿರು ಕಡ್ಡಿ, ಇದ್ದಿಲು ಪುಡಿಯ ಹಿಟ್ಟು, ಮುಂದೆ ಒಂದು ಮಣೆ. ಬೆಳಕಿಗೆ ಅಂತ ಬಾಗಿಲು ತೆರೆದೇ ಇರುತ್ತಿತ್ತು. ಅಕ್ಕಪಕ್ಕದ ಹೆಂಗಸರೂ ತಮ್ಮ ಮಣೆ ತಂದು ಹೊಸ್ತಿಲ ಹೊರಗೆ ಕೂರುತ್ತಿದ್ದರು. ಕೂಲಿ ಸಾವಿರ ಕಡ್ಡಿಗೆ ಇಷ್ಟು ಅನ್ನೋ ಲೆಕ್ಕ. ಬೆರಳ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲವಂತೆ. "ಯಜಮಾನ್ರ ಗಾರೆ ಕೆಲಸದ ದುಡ್ಡು ಅಕ್ಕಿ-ಬೇಳೆಗೆ, ನನ್ನ ಬತ್ತಿ ದುಡ್ಡು ಮನೆ ಕಂತಿಗೆ," ಅಂದರು. ಗಂಡ ತೀರಿಕೊಂಡ ಮೇಲೂ ಕಂತು ತಪ್ಪಲಿಲ್ಲ.

"ಈಗಿನ ಮನೆ ಕಾಗದ ಯಾರ ಹೆಸರಲ್ಲಿದೆ?"

"ಮಗ, ಸೊಸೆದು," ಅಂದು ಸೆರಗು ಸರಿಮಾಡಿಕೊಂಡರು. ಅಲ್ಲಿಯವರೆಗೆ ನಾನೂ ಇದನ್ನು ಮನೆ ಬದಲಾದ ಬೇಸರ ಅಂದುಕೊಂಡಿದ್ದೆ. ಮನೆಯೊಡತಿಯಾಗಿದ್ದವರು ಮಗನ ಮನೆಯಲ್ಲಿ ನೆಂಟರಾಗಿಬಿಟ್ಟಿದ್ದರು.

ವಯಸ್ಸಾದವರು ಬದುಕನ್ನು ಹಿಂತಿರುಗಿ ನೋಡುವುದು ಸಹಜ ಕೆಲಸ, ರೋಗವಲ್ಲ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಮನೆಯವರಿಗೆ ಇದನ್ನೇ ವಿವರಿಸಿದೆ. "ಅದೆಲ್ಲ ಹೋಯ್ತು ಬಿಡಿ" ಅನ್ನಬೇಡಿ, ಮುಂದೇನಾಯ್ತು ಅಂತ ಕೇಳಿ ಅಂದೆ. ಸಜ್ಜೆಯ ಮೇಲೆ ಬಿಸಾಕಿದ್ದ ಮಣೆಯನ್ನು ಇಳಿಸಿ ಅಮ್ಮನಿಗೆ ಕೊಡಿ, ಎಲ್ಲಿಡಬೇಕೋ ಅವರೇ ಹೇಳಲಿ. ಲಿಫ್ಟ್ ಇಲ್ಲ, ಮಂಡಿ ನೋವು ಬೇರೆ. ಅದಕ್ಕೆ ಹಳೇ ನೆರೆಯವರನ್ನೇ ವಾರಕ್ಕೊಮ್ಮೆ ಮೇಲಕ್ಕೆ ಕರೆಯಿರಿ, ಬಾಗಿಲು ತೆರೆದಿಡಿ.

ಕಾಗದದ ಮಾತು ಆಪ್ತಸಲಹೆಗೆ ಸೇರಿದ್ದಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಮ್ಮನ ಹೆಸರನ್ನೂ ಸೇರಿಸಲು ಅರ್ಜಿ ಕೊಡಿ ಎಂದು ಮಗನಿಗೆ ಹೇಳಿದೆ. ಆಗಿಯೇ ಆಗುತ್ತದೆ ಎಂದು ಮಾತು ಕೊಡಲಿಲ್ಲ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ. ಹಿರಿಯರ ಸಹಾಯವಾಣಿ 14567 ಅನ್ನೂ ಬರೆದುಕೊಟ್ಟೆ.

ಎರಡು ತಿಂಗಳ ನಂತರ ಸೊಸೆ ಒಬ್ಬರೇ ಬಂದರು. ಕೈ ಈಗಲೂ ಕೆಲವು ರಾತ್ರಿ ಆಡುತ್ತದಂತೆ. ಎಚ್ಚರವಾದರೆ ಅವರೂ ಎದ್ದು ಪಕ್ಕದಲ್ಲಿ ಕೂರುತ್ತಾರೆ. "ಎಷ್ಟಾಯ್ತು ಅತ್ತೆ?" ಅಂದರೆ "ಏಳ್ನೂರು, ನೀನು ಮಲಗು ಹೋಗು" ಅನ್ನುತ್ತಾರಂತೆ.

ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಮಗನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.