ಓದುಗರ ಪ್ರಶ್ನೆ: ಟೀಚರ್‌ಗೆ ಹತ್ತಾರು ಆಸಕ್ತಿ ಇದ್ದರೆ ತಪ್ಪಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಸೋಮವಾರಪೇಟೆ ಕಡೆ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ನಾಟಕ, ಹಕ್ಕಿ ನೋಡೋದು, ಹಳೇ ಹಾಡು ಸಂಗ್ರಹ, ಎಲ್ಲದರಲ್ಲೂ ಆಸಕ್ತಿ. ‘ಸಿಲೆಬಸ್ ಮುಗಿಸಿದ್ರೆ ಸಾಕು, ಊರ ಉಸಾಬರಿ ಯಾಕೆ’ ಅಂತಾರೆ ಜೊತೆಯವರು. ಹೋದ ಸಂಚಿಕೆಯಲ್ಲಿ ನೀವು ಎಚ್. ನರಸಿಂಹಯ್ಯನವರ ಹೆಸರು ಬರೆದಿದ್ರಿ. ಅವರೂ ಹೀಗೆ ಹತ್ತಾರು ಕೆಲಸ ಹಚ್ಚಿಕೊಂಡಿದ್ದರಾ?

ಉತ್ತರ: ಮೇಡಂ, ಹಚ್ಚಿಕೊಂಡಿದ್ದರು, ಅದೂ ಜೀವಮಾನವಿಡೀ. ಎಚ್ಚೆನ್ (ನರಸಿಂಹಯ್ಯನವರನ್ನು ಕರೆಯೋದೇ ಹಾಗೆ) ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ಹತ್ತಿರದ ಹೊಸೂರಿನ ಬಡ ಮನೆಯಲ್ಲಿ. ಹೈಸ್ಕೂಲು ಓದಬೇಕು ಅಂತ ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ. 1942ರ ಚಳವಳಿಯಲ್ಲಿ ಜೈಲು ಸೇರಿದರು, ಓದು ನಿಂತಿತು, ಹೊರಗೆ ಬಂದು ಮತ್ತೆ ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರಾದರು. ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡಿಯೂ ಅಲ್ಲಿ ಉಳಿಯಲಿಲ್ಲ, ಅದೇ ಕಾಲೇಜಿಗೆ ವಾಪಸ್ ಬಂದು ಪ್ರಿನ್ಸಿಪಾಲರಾದರು. ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಮದುವೆ ಆಗಲಿಲ್ಲ. 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜು ಹಾಸ್ಟೆಲಿನ ರೂಮೇ ಅವರ ಮನೆ, ತಿಂಡಿಗೆ ಉಪ್ಪಿಟ್ಟು ತಾವೇ ಮಾಡಿಕೊಳ್ಳುತ್ತಿದ್ದರು.

ನನಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣೋದು 1962ರಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂ. ವಾರಕ್ಕೊಂದು ಸಂಜೆ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಕೊನೆಯಲ್ಲಿ ಎದ್ದು ಪ್ರಶ್ನೆ ಕೇಳಬಹುದು. ಇನ್ನೊಂದು ಕಡೆ ಸಂಗೀತ, ನೃತ್ಯಕ್ಕೆ ಲಲಿತಕಲಾ ಪರಿಷತ್ತು. ಜವಾಹರಲಾಲ್ ನೆಹರು ತಾರಾಲಯ ಬೆಳೆಯೋದರಲ್ಲೂ ಅವರ ಶ್ರಮ ಇತ್ತು. ತಾನೇ ಎಲ್ಲ ಬಲ್ಲೆ ಅಂತ ಅವರು ವೇದಿಕೆ ಹತ್ತಲಿಲ್ಲ ನೋಡಿ. ಬಲ್ಲವರನ್ನು ಹುಡುಕಿ ಕರೆಸಿದರು, ಹಾಲ್ ಕೊಟ್ಟರು, ದಿನ ಗೊತ್ತುಮಾಡಿದರು, ಆ ದಿನ ತಪ್ಪದ ಹಾಗೆ ನೋಡಿಕೊಂಡರು. ನಿಮ್ಮಿಂದಲೂ ಆಗುವ ಕೆಲಸ ಇದು, ಅಲ್ವಾ?

ನಮ್ಮ ಕೊಡಗಲ್ಲೂ ಇಂಥವರು ಇದ್ದರು. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದವರು. ಊರೂರಿನ ಹಾಡು, ಗಾದೆ, ಪದ್ಧತಿ ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಯಾರೂ ಅವರಿಗೆ ಹೇಳಿದ ಡ್ಯೂಟಿ ಅಲ್ಲ ಅದು. ಹಳೇ ಹಾಡು ಸಂಗ್ರಹಿಸೋದನ್ನು ದಯವಿಟ್ಟು ಬಿಡಬೇಡಿ.

ಸಿಲೆಬಸ್ ಚಿಂತೆ ಇದ್ದರೆ ಹೀಗೆ ಮಾಡಿ ನೋಡಿ. ನಮ್ಮಲ್ಲಿ ಎಷ್ಟೋ ಕಾಫಿ ತೋಟದಲ್ಲಿ ಮಳೆ ಅಳೆದು ಇಂಚು, ಸೆಂಟು ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ತೋಟದವರಾಗಲಿ, ಲೈನ್ ಮನೆಯ ಕೆಲಸಗಾರರಾಗಲಿ, ಮಕ್ಕಳು ಆ ಲೆಕ್ಕ ಕೇಳಿಕೊಂಡು ಬರಲಿ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಯಾವತ್ತು ಬಂತು, ಎಷ್ಟು ಸೆಂಟು ಬಂತು, ಹೂ ಯಾವತ್ತು ಅರಳಿತು, ಒಂದು ಚಾರ್ಟಿನಲ್ಲಿ ಬರೆಸಿ. ಒಂದೇ ಚಾರ್ಟಿನಲ್ಲಿ ಗಣಿತವೂ ಬಂತು, ಸಸ್ಯಶಾಸ್ತ್ರವೂ ಬಂತು, ಮನೆಯ ಹಿರಿಯರ ಹತ್ತಿರ ಕೂತು ಮಾತಾಡೋದೂ ಬಂತು. ಜೊತೆಯವರು ಬೇಡ ಅಂದರೆ ಸುಮ್ನೆ ಜಗಳ ಮಾಡಬೇಡಿ, ಚಾರ್ಟನ್ನು ಸ್ಟಾಫ್ ರೂಮಿನಲ್ಲೇ ತೂಗುಹಾಕಿ.

ಪ್ರಶ್ನೆ: ನಾನು ವಿರಾಜಪೇಟೆಯ ಪಿಯುಸಿ ವಿದ್ಯಾರ್ಥಿ. ಎಚ್ಚೆನ್ ಪವಾಡಗಳನ್ನು ವಿರೋಧಿಸಿದವರಂತೆ. ನಮ್ಮ ಮನೆಯವರೆಲ್ಲ ಕಾವೇರಿ ತೀರ್ಥ ಉಕ್ಕಿ ಬರೋದನ್ನು ನೋಡೋಕೆ ತಲಕಾವೇರಿ ತೀರ್ಥೋದ್ಭವಕ್ಕೆ ಹೋಗ್ತೀವಿ. ಹಾಗಾದ್ರೆ ಅವರನ್ನು ಹೇಗೆ ಮೆಚ್ಚೋದು?

ಉತ್ತರ: ಧಾರಾಳವಾಗಿ ಮೆಚ್ಚು ಮಗ, ತೀರ್ಥಕ್ಕೂ ಹೋಗು. ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಬಗ್ಗೆ ಅವರು ಸಮಿತಿ ಮಾಡಿದ್ದು ನಿಜ. ಜಾಸ್ತಿ ವಿರೋಧ ಬಂತು, ಆದರೂ ಹಿಂದೆ ಸರಿಯಲಿಲ್ಲ. ಯಾರು ಹೇಳಿದರೂ ಪರೀಕ್ಷಿಸಿ ನೋಡು, ಪ್ರಶ್ನೆ ಕೇಳು ಅನ್ನೋದು ಅವರ ಪಾಠ. ತಲಕಾವೇರಿಗೆ ಹೋಗುವಾಗ ಈ ಒಂದು ಪ್ರಶ್ನೆಯನ್ನೂ ಜೊತೆಗೆ ಒಯ್ಯಿ: ತೀರ್ಥೋದ್ಭವದ ಹೊತ್ತು ವರ್ಷ ವರ್ಷ ಯಾಕೆ ಬದಲಾಗುತ್ತೆ? 2022ರಲ್ಲಿ ಸಂಜೆ 7.21, 2023ರಲ್ಲಿ ನಡುರಾತ್ರಿ ಕಳೆದು 1.27, 2024ರಲ್ಲಿ ಬೆಳಿಗ್ಗೆ 7.40, 2025ರಲ್ಲಿ ಮಧ್ಯಾಹ್ನ 1.44. ಪ್ರತಿ ಸಲ ಆರು ಗಂಟೆ, ಮೇಲೆ ಕೆಲವು ನಿಮಿಷ ಮುಂದಕ್ಕೆ ಹೋಗಿದೆ. ಸೂರ್ಯ ತುಲಾ ರಾಶಿಗೆ ಬರುವ ಹೊತ್ತು ಅದು. ನಕ್ಷತ್ರಗಳ ಲೆಕ್ಕದ ವರ್ಷ 365 ದಿನ, 6 ಗಂಟೆ, 9 ನಿಮಿಷದಷ್ಟಿದೆ, ನಮ್ಮ ಕ್ಯಾಲೆಂಡರಿನಲ್ಲಿ, ಲೀಪ್ ವರ್ಷ ಬಿಟ್ಟರೆ, 365 ದಿನ ಮಾತ್ರ. ಉಳಿದ ಆರು ಗಂಟೆಗಳೇ ಹೀಗೆ ಹೊತ್ತನ್ನು ಜರುಗಿಸೋದು. 2026ರದ್ದು ಯಾವ ಹೊತ್ತಿಗೆ ಬರಬೇಕು ಅಂತ ನೀನೇ ಕೂಡಿಸಿ ಬರೆದಿಡು, ಆಮೇಲೆ ಪಂಚಾಂಗದ ಜೊತೆ ತಾಳೆ ಹಾಕು. ವ್ಯತ್ಯಾಸ ಎಷ್ಟು ನಿಮಿಷ ಬಂತು ಅಂತ ನನಗೂ ಬರೆ.