ರಾಯಚೂರಿನ ಬೇಸಿಗೆಯಲ್ಲಿ ಹಿತ್ತಲ ಕೊಳದ ನೀರು ಹಸಿರಾಗುವುದೇಕೆ? ಪದೇ ಪದೇ ನೀರು ಬದಲಿಸಿದರೂ ಏಕೆ ನಿಲ್ಲುವುದಿಲ್ಲ?

ಆ ಹಸಿರು ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿ. ಅದಕ್ಕೆ ಬೇಕಾದದ್ದು ಬಿಸಿಲು ಮತ್ತು ಗೊಬ್ಬರ, ಎರಡೇ. ನೀರು ಬದಲಿಸುವುದರಿಂದ ಬಿಸಿಲು ಕಡಿಮೆಯಾಗುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಇದ್ದರೆ ಪಾಚಿಗೆ ಹೊಸ ಗೊಬ್ಬರವನ್ನೇ ಸುರಿದಂತಾಗುತ್ತದೆ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಉದುರಿದ ಬೇವಿನ ಎಲೆ ಇವೂ ಕೊಳೆತು ಗೊಬ್ಬರವಾಗುತ್ತವೆ.

ಆದ್ದರಿಂದ ನೀರು ಬದಲಿಸುವುದನ್ನು ಬಿಟ್ಟು ನೈದಿಲೆ ನೆಡಿ. ಅದರ ಎಲೆಗಳು ನೀರಿನ ಮೇಲ್ಮೈಯ ಅರ್ಧದಷ್ಟನ್ನಾದರೂ ಮುಚ್ಚಲಿ. ನೈದಿಲೆ ಬಿಸಿಲನ್ನು ತಡೆಯುವುದರ ಜೊತೆಗೆ ಪಾಚಿ ತಿನ್ನಬೇಕಾದ ಗೊಬ್ಬರವನ್ನೂ ಬೇರಿನಿಂದ ಹೀರಿಕೊಳ್ಳುತ್ತದೆ. ಎಲೆ ಹರಡುವವರೆಗೆ ಪಶ್ಚಿಮದ ಕಡೆ ನೆರಳು ಬಲೆ ಕಟ್ಟಿ. ನಮ್ಮಲ್ಲಿ ಮಧ್ಯಾಹ್ನದ ನಂತರದ ಬಿಸಿಲೇ ಕ್ರೂರ. ಮೀನಿಗೆ ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಆಹಾರ ಹಾಕಿ.

ಉಷ್ಣತೆ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ಅಪಾಯವಿದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಪಾಚಿ ಹಗಲಲ್ಲಿ ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಬಳಸುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕಾರಣ ಹೆಚ್ಚಾಗಿ ಇದೇ. ಹಸಿವೆಂದು ದಯವಿಟ್ಟು ಆಹಾರ ಹಾಕಬೇಡಿ. ರಾತ್ರಿಯಿಡೀ ಸಣ್ಣ ಕಾರಂಜಿ ಓಡಲಿ. ಹೊಸದಾಗಿ ಕೊಳ ಕಟ್ಟುವವರು ಎರಡೂವರೆ ಅಡಿಯಾದರೂ ಆಳ ತೆಗೆಯಿರಿ, ತಳದ ನೀರು ಬೇಗ ಕಾಯುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಲೆ ಕಬ್ಬಿಣದ ಜಾಲರಿ ಕಡ್ಡಾಯ.